ಬೆಳಿಗ್ಗೆ ಏಳದ ಡೀಸೆಲ್ ಕಾರು: ಮೊದಲು ಹೊಗೆ ನೋಡಿ

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ದಾಟಿದ ಡೀಸೆಲ್ ಕಾರು. ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಅಲ್ಲ, ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಹಳೇ ಪಂಪಿನ ಇಂಜಿನ್. ಬೆಳಿಗ್ಗೆ ಏಳೆಂಟು ಸಲ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಉಗುಳಿಕೊಂಡು, ಗಡಗಡ ನಡುಗುತ್ತಾ ಸ್ಟಾರ್ಟ್ ಆಗುತ್ತದೆ. ಒಮ್ಮೆ ಬಿಸಿಯಾದರೆ ಇಡೀ ದಿನ ಅರ್ಧ ಸೆಲ್ಫಿಗೇ ಎದ್ದುಬಿಡುತ್ತದೆ. ಹೊಸ ಬ್ಯಾಟರಿ ಹಾಕಿಸಿದೆ, ಡೀಸೆಲ್ ಫಿಲ್ಟರ್ ಬದಲಾಯಿಸಿದೆ, ಏನೂ ಉಪಯೋಗ ಆಗಲಿಲ್ಲ. ಈಗ ಮೆಕ್ಯಾನಿಕ್ ಪಂಪ್ ಇಳಿಸಬೇಕು ಅನ್ನುತ್ತಿದ್ದಾರೆ. ಇಳಿಸಲಾ?

ಉತ್ತರ: ಬೇಡ, ಸ್ವಲ್ಪ ತಡೀರಿ. ಪಂಪಿನ ಮಾತು ಕೊನೆಗೆ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತಿದೆ ಅಂದರೆ ಅದು ಉರಿಯದೆ ಹೊರಗೆ ಬಂದ ಡೀಸೆಲ್. ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿದೆ, ಬೆಂಕಿ ಹತ್ತುತ್ತಿಲ್ಲ ಅಷ್ಟೇ. ಹೊಗೆಯೇ ಇಲ್ಲದಿದ್ದರೆ ಮಾತ್ರ ಡೀಸೆಲ್ ಬರುತ್ತಿಲ್ಲ ಅಂತ ಪಂಪು, ಪೈಪು, ಫಿಲ್ಟರ್ ಕಡೆ ನೋಡಬೇಕಿತ್ತು. ಡೀಸೆಲ್ ಕಾರು ಸ್ಟಾರ್ಟ್ ಆಗದಿದ್ದಾಗ ಬಾನೆಟ್ ಎತ್ತುವ ಮೊದಲು ಹಿಂದೆ ಒಬ್ಬರನ್ನು ನಿಲ್ಲಿಸಿ ಹೊಗೆ ನೋಡಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಖರ್ಚಿಲ್ಲದ ಪರೀಕ್ಷೆ, ಅರ್ಧ ದಾರಿ ಅಲ್ಲೇ ಮುಗಿಯುತ್ತದೆ.

ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹತ್ತಿಕೊಳ್ಳಬೇಕು. ರಾತ್ರಿಯಿಡೀ ನಿಂತು ತಣ್ಣಗಾದ ಇಂಜಿನ್ ಆ ಬಿಸಿಯನ್ನು ಹೀರಿಕೊಂಡುಬಿಡುತ್ತದೆ. ಆ ಕೊರತೆ ತುಂಬುವುದಕ್ಕೇ ಸಿಲಿಂಡರಿಗೊಂದರಂತೆ, ಕರೆಂಟಿನಲ್ಲಿ ಕಾಯುವ ಹೀಟರ್ ಪ್ಲಗ್ ಇರುವುದು. ಒಂದೆರಡು ಸತ್ತಿದ್ದರೆ ಆ ಸಿಲಿಂಡರ್‌ಗಳು ಕೈಕೊಡುತ್ತವೆ, ಇಂಜಿನ್ ನಡುಗುತ್ತದೆ. ನಿಮ್ಮದು ಏಳೆಂಟು ಸಲಕ್ಕೆ ಏಳುವುದೂ ಇದರಿಂದಲೇ, ಪ್ರತಿ ಸಲ ಒತ್ತಿದಾಗಲೂ ಒಳಗೆ ಒಂದಿಷ್ಟು ಬಿಸಿ ಉಳಿಯುತ್ತಾ ಹೋಗುತ್ತದಲ್ವಾ. ಡ್ಯಾಶ್‌ಬೋರ್ಡಿನಲ್ಲಿ ಹೀಟರ್ ಪ್ಲಗ್‌ನ ಸುರುಳಿ ದೀಪ ಸರಿಯಾಗಿ ಹತ್ತಿ ಆರುತ್ತದೆ ಅಂತ ನಂಬಬೇಡಿ. ಎಷ್ಟೋ ಹಳೇ ಕಾರುಗಳಲ್ಲಿ ಅದು ಬರೀ ಟೈಮರ್ ದೀಪ. ನಾಲ್ಕೂ ಪ್ಲಗ್ ಸತ್ತಿದ್ದರೂ ಅದು ತನ್ನ ಪಾಡಿಗೆ ಹತ್ತಿ ಆರುತ್ತಿರುತ್ತದೆ.

ನೋಡುವುದು ಸುಲಭ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಇದನ್ನು ಮರೆತರೆ ಸ್ಪ್ಯಾನರ್ ಎಲ್ಲಾದರೂ ತಾಗಿ ಕಿಡಿ ಹಾರುತ್ತದೆ, ನನ್ನ ಒಂದು ಹತ್ತು ನಂಬರ್ ಸ್ಪ್ಯಾನರಿನ ಬಾಯಿ ಹಾಗೇ ಕರಗಿದೆ. ಪ್ಲಗ್‌ಗಳ ತಲೆ ಮೇಲೆ ಎಲ್ಲವನ್ನೂ ಸೇರಿಸುವ ಒಂದು ಲೋಹದ ಪಟ್ಟಿ ಇರುತ್ತದೆ, ಅದನ್ನು ತೆಗೆಯಿರಿ. ಅದಕ್ಕೆ ಬರುವ ವೈರ್ ಎಲ್ಲೂ ತಾಗದಂತೆ ಬಟ್ಟೆ ಸುತ್ತಿಡಿ. ನೆಗೆಟಿವ್ ಮತ್ತೆ ಹಾಕಿ. ಈಗ ಒಂದು 12 ವೋಲ್ಟ್ ಬಲ್ಬಿನ ಒಂದು ತುದಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ತುದಿ ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಬಲ್ಬ್ ಹತ್ತದ ಪ್ಲಗ್ ಸತ್ತಿದೆ. ಹತ್ತಿದರೆ ಒಳಗಿನ ತಂತಿ ತುಂಡಾಗಿಲ್ಲ ಅಂತ ಮಾತ್ರ, ಚೆನ್ನಾಗಿ ಬಿಸಿಯಾಗುತ್ತದೆ ಅಂತ ಗ್ಯಾರಂಟಿ ಇಲ್ಲ. ಆದ್ದರಿಂದ ಎರಡು ಹೋಗಿದ್ದರೆ ನಾಲ್ಕನ್ನೂ ಬದಲಾಯಿಸಿ. ನಾಲ್ಕೂ ಸರಿ ಇದ್ದರೆ, ಬಿಚ್ಚಿಟ್ಟ ವೈರ್ ಮತ್ತು ಇಂಜಿನ್ ನಡುವೆ ಅದೇ ಬಲ್ಬ್ ಹಿಡಿದು ಕೀ ಆನ್ ಮಾಡಿಸಿ. ಹತ್ತದಿದ್ದರೆ ಪ್ಲಗ್‌ಗಳಿಗೆ ಕರೆಂಟ್ ಬಿಡುವ ರಿಲೇ ಅಥವಾ ಫ್ಯೂಸ್ ಹೋಗಿದೆ.

ಪ್ಲಗ್ ಬಿಚ್ಚುವಾಗ ಮಾತ್ರ ಆತುರ ಬೇಡ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಆಯಿಲ್ ಬಿಡಿ, ಬೆಳಿಗ್ಗೆ ಇಂಜಿನ್ ಬಿಸಿ ಮಾಡಿಕೊಂಡು ನಿಧಾನಕ್ಕೆ ತಿರುಗಿಸಿ. ಬಿಗಿಯಾಯಿತು ಅನ್ನಿಸಿದರೆ ಹಿಂದೆ ಮುಂದೆ ಆಡಿಸಿ, ಇನ್ನಷ್ಟು ಆಯಿಲ್ ಬಿಡಿ. ಪ್ಲಗ್ ಮುರಿದು ಅರ್ಧ ಒಳಗೇ ಉಳಿದರೆ ಇಂಜಿನ್ನಿನ ಮೇಲ್ಭಾಗದ ಹೆಡ್ ಇಳಿಸುವ ತನಕ ಹೋಗಬಹುದು. ಅಲ್ಲಿಗೆ ನಿಮ್ಮ ಪಂಪಿನ ಖರ್ಚೇ ವಾಸಿ ಅನ್ನಿಸುತ್ತದೆ.

ಇನ್ನೊಂದು. ಹೊಸ ಬ್ಯಾಟರಿ ಹಾಕಿದ ಮಾತ್ರಕ್ಕೆ ಸೆಲ್ಫ್ ಜೋರಾಗಿ ತಿರುಗಲೇಬೇಕು ಅಂತಿಲ್ಲ. ನಿಂತಾಗ 12.6 ವೋಲ್ಟ್ ಇದ್ದು ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಸರಿ ಇದೆ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್, ಅಂದರೆ ಬ್ಯಾಟರಿ ನೆಗೆಟಿವ್‌ಗೂ ಇಂಜಿನ್‌ಗೂ ಇರುವ ಸಂಪರ್ಕ, ಕೆಟ್ಟಿದೆ. ನಾನೂ ಒಮ್ಮೆ ಸುಮ್ನೆ ಬ್ಯಾಟರಿ ಬದಲಾಯಿಸಿದವನೇ. ಆಮೇಲೆ ನೋಡಿದರೆ ಇಂಜಿನ್‌ನಿಂದ ಕಾರಿನ ಬಾಡಿಯ ತಗಡಿಗೆ ಹೋಗುವ ದಪ್ಪ ವೈರಿನ ತುದಿ ಹಸಿರು ಪುಡಿ ಕಟ್ಟಿತ್ತು. ಬಿಚ್ಚಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಹಾಕಿದೆ, ಸೆಲ್ಫಿನ ಸದ್ದೇ ಬದಲಾಯಿತು.

ಪ್ರಶ್ನೆ: ನನ್ನ ಹಳೇ ಡೀಸೆಲ್ ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಎರಡು ಸೆಕೆಂಡಿಗೆ ಆಫ್ ಆಗುತ್ತದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹೊಗೆ ಕೂಡ ಬರಲ್ಲ. ಇಳಿಜಾರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದ ದಿನ ಇನ್ನೂ ಜಾಸ್ತಿ.

ಉತ್ತರ: ಏರ್ ಹಿಡಿಯುತ್ತಿದೆ. ಪಂಪಿನಲ್ಲಿ ಉಳಿದ ಚೂರು ಡೀಸೆಲ್‌ನಲ್ಲಿ ಎದ್ದು, ಅದು ಮುಗಿದ ತಕ್ಷಣ ಸಾಯುತ್ತದೆ. ಎಲ್ಲೋ ಒಂದು ಕಡೆ ಗಾಳಿ ಎಳೆದುಕೊಂಡು ರಾತ್ರಿ ಹೊತ್ತು ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ. ಮೂತಿ ಮೇಲಾದರೆ ಇನ್ನೂ ಬೇಗ ಇಳಿಯುತ್ತದೆ. ಸಂಜೆ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಬೆಳಿಗ್ಗೆ ಸರಿಯಾಗಿ ಎದ್ದರೆ ಅನುಮಾನವೇ ಬೇಡ. ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪಿನ ಜಾಗದಲ್ಲಿ ಸ್ವಲ್ಪ ದಿನ ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪ್ ಹಾಕಿ, ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಎಷ್ಟೋ ಸಲ ತಪ್ಪು ಫಿಲ್ಟರಿನ ರಬ್ಬರ್ ರಿಂಗ್‌ದು, ಇಲ್ಲವೇ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳ ಮೇಲೆ ಹಾದುಹೋಗಿ ಮಿಕ್ಕ ಡೀಸೆಲ್ ವಾಪಸ್ ಒಯ್ಯುವ ಸಣ್ಣ ರಿಟರ್ನ್ ಪೈಪ್‌ಗಳದು. ಹೊರಗೆ ಡೀಸೆಲ್ ಸೋರುತ್ತಿಲ್ಲವಲ್ಲ ಅನ್ನಬೇಡಿ, ಡೀಸೆಲ್ ಸೋರದ ಸಂದಿಯಲ್ಲೂ ಗಾಳಿ ಒಳಗೆ ಹೋಗುತ್ತದೆ. ಸರಿ ಮಾಡಿದ ಮೇಲೆ ಪೈಪಿಗೆ ಡೀಸೆಲ್ ತುಂಬುವ ಕೈ ಪಂಪ್ ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ.

ಪ್ರಶ್ನೆ: ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದರೆ ಸ್ಟಾರ್ಟ್ ಆಗಲ್ಲ. ಇಂಜಿನ್ ಹಳೇ ಪಂಪಿನದು.

ಉತ್ತರ: ಮೊದಲು ಸೆಲ್ಫ್ ಬಿಸಿಯಲ್ಲೂ ಅಷ್ಟೇ ಜೋರಾಗಿ ತಿರುಗುತ್ತದಾ ಕೇಳಿಸಿಕೊಳ್ಳಿ. ತಿರುಗಿದರೆ ಪಂಪಿನ ಮೇಲೊಂದು ಬಟ್ಟೆ ಹೊದಿಸಿ ತಣ್ಣೀರು ಬಿಡುತ್ತಾ ಬನ್ನಿ, ವೈರಿನ ಮೇಲೆ ಬೀಳದಂತೆ. ಆಮೇಲೆ ಎದ್ದರೆ ಪಂಪ್ ಒಳಗೆ ಸವೆದಿದೆ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲೇ ಜಾರಿಹೋಗಿ ಒತ್ತಡ ಏರುವುದಿಲ್ಲ. ನಿಮ್ಮ ಪಂಪ್ ಮಾತ್ರ ಇಳಿಸಲೇಬೇಕು.

ಪ್ರಶ್ನೆ: ಏರ್ ಫಿಲ್ಟರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆದರೆ ತಕ್ಷಣ ಎದ್ದೇಳುತ್ತದೆ. ದಿನಾ ಹೊಡೆಯಬಹುದಾ?

ಉತ್ತರ: ಒಂದು ದಿನವೂ ಬೇಡ. ಹೀಟರ್ ಪ್ಲಗ್ ಕೆಂಪಗಿರುವಾಗ ಆ ಸ್ಪ್ರೇಯಲ್ಲಿರುವ ಈಥರ್, ಪಿಸ್ಟನ್ ಪೂರ್ತಿ ಮೇಲಕ್ಕೆ ಏರುವ ಮೊದಲೇ ಹತ್ತಿಕೊಳ್ಳುತ್ತದೆ, ರಿಂಗ್ ಮುರಿಯಬಹುದು, ಪಿಸ್ಟನ್ ಒಡೆಯಬಹುದು. ಅಂದಹಾಗೆ ಸ್ಪ್ರೇಗೆ ಏಳುತ್ತಿದೆ ಅಂದರೆ ನಿಮಗೂ ಬಿಸಿಯದ್ದೋ ಡೀಸೆಲ್‌ದೋ ತೊಂದರೆ ಇದೆ. ನಾಳೆ ಬೆಳಿಗ್ಗೆ ಸ್ಪ್ರೇ ಇಲ್ಲದೆ ಸೆಲ್ಫ್ ಹೊಡೆದು ಹೊಗೆ ಬರುತ್ತದಾ ನೋಡಿ. ಬಂದರೆ ಮೊದಲನೇ ಉತ್ತರ ಓದಿ, ಬರದಿದ್ದರೆ ಎರಡನೆಯದು.