ಫಸ್ಟ್ ಪಿಯು ಫಿಸಿಕ್ಸ್ ಲೆಕ್ಕ ಬರ್ತಾ ಇಲ್ಲ: ಪ್ರತಿಕ್ರಿಯೆ

ಟೆಂತಲ್ಲಿ ಒಳ್ಳೆ ಮಾರ್ಕ್ ತೆಗ್ದ ಮಗಳು ಈಗ ಫಿಸಿಕ್ಸ್ ಲೆಕ್ಕದಲ್ಲೇ ಸಿಕ್ಕಿಬೀಳ್ತಾಳೆ ಅಂದ್ರಲ್ಲ, ತೊಂದ್ರೆ ಹೆಚ್ಚಾಗಿ ಮ್ಯಾಥ್ಸಿಂದು. ಫಿಸಿಕ್ಸಿನ ಶುರುವಿನ ಪಾಠಗಳಲ್ಲೇ ಡೆರಿವೇಟಿವ್ (ಬದಲಾವಣೆಯ ದರ), ವೆಕ್ಟರ್ (ಅಳತೆ ಜೊತೆ ದಿಕ್ಕೂ ಇರುವಂಥದ್ದು) ಬೇಕಾಗ್ತದೆ, ಆದ್ರೆ ಎನ್‌ಸಿಇಆರ್‌ಟಿ ಮ್ಯಾಥ್ಸಲ್ಲಿ ಡೆರಿವೇಟಿವ್ ಇರುದು ಪುಸ್ತಕದ ಕೊನೆ ಹತ್ತಿರ, ವೆಕ್ಟರ್ ಅಂತೂ ಸೆಕೆಂಡ್ ಪಿಯುಗೆ, ಪಾಪ ಮಕ್ಕಳು ಏನು ಮಾಡುದು.

ಮೊದ್ಲು ಟೆಂತಿನ ಟ್ರಿಗ್ನಾಮೆಟ್ರಿ, 0, 30, 45, 60, 90 ಡಿಗ್ರಿಯ ಸೈನ್ ಕಾಸ್ ನೋಡದೆ ಬರೀಲಿ. ಆಮೇಲೆ ಗ್ರಾಫ್. ಸ್ಥಾನ-ಸಮಯ ಗ್ರಾಫಿನ ಸ್ಲೋಪ್ (ಗೆರೆಯ ಓರೆ) ವೇಗ, ವೇಗ-ಸಮಯ ಗ್ರಾಫಿನ ಸ್ಲೋಪ್ ವೇಗೋತ್ಕರ್ಷ, ಅದ್ರ ಕೆಳಗಿನ ಏರಿಯಾ ಸ್ಥಾನಪಲ್ಲಟ, ಇದನ್ನು ಅವಳೇ ಕೈಯಲ್ಲಿ ಬಿಡಿಸ್ಬೇಕು, ವಿಡಿಯೋ ನೋಡಿದ್ರೆ ಸಾಲುದಿಲ್ಲ. ಅದು ಕೂತ ಮೇಲೆ ಡೆರಿವೇಟಿವ್ ಅಂದ್ರೆ ಅದೇ ಸ್ಲೋಪ್ ಅಂತ ತೋರಿಸಿ. ಕೊನೆಗೆ ವೆಕ್ಟರನ್ನು ಅಡ್ಡ-ಉದ್ದ ಎರಡು ಭಾಗ ಮಾಡುದು, ಸೈನ್ ಕಾಸ್ ಬೇಕಾಗುದು ಇಲ್ಲೇ.

ಅವಳ ಉತ್ತರ ಪೇಪರ್ ನೋಡದೆ ನಾನು ಪಕ್ಕಾ ಹೇಳ್ಲಿಕ್ಕಾಗುದಿಲ್ಲ, ನೀವೇ ತೆಗೆದು ನೋಡಿ. ಫಾರ್ಮುಲಾ ಸರಿ ಇದ್ದು ಲೆಕ್ಕ ತಪ್ಪಿದ್ರೆ ಇದೇ ದಾರಿ. ಪ್ರಶ್ನೆಯೇ ಅರ್ಥ ಆಗ್ಲಿಲ್ಲ ಅಂತಾದ್ರೆ ಅದು ಇಂಗ್ಲಿಷಿನ ತೊಂದ್ರೆ ಇರ್ಬಹುದು, ಕನ್ನಡದಲ್ಲಿ ಪ್ರಶ್ನೆ ಹೇಳಿ ಚಿತ್ರ ಬಿಡಿಸ್ಲಿಕ್ಕೆ ಕೊಡಿ.

ಮಂಗ್ಳೂರಿಗೆ ಕೋಚಿಂಗ್ ಈಗ್ಲೇ ಬೇಡ ಮಾರಾಯ್ರೆ, ಉಡುಪಿಯಿಂದ ಬಸ್ಸಲ್ಲಿ ಹೋಗಿ ಬರುದ್ರಲ್ಲೇ ಸಂಜೆ ಮುಗೀತದೆ, ಒಂದು ತಿಂಗಳು ಇದನ್ನು ಮಾಡ್ಸಿ ನೋಡಿ.