ಅಯೋರ್ಟಾ ಆಪರೇಷನ್ ಆಗಿ ಎರಡು ವರ್ಷದ ಮೇಲೆ ರಕ್ತ ವಾಂತಿ, ಕಪ್ಪು ಮಲ: ಕಾರಣ ಏನಿರಬಹುದು?

ಹೊಟ್ಟೆಯೊಳಗಿನ ಅಯೋರ್ಟಾ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಉಬ್ಬಿದ್ದಕ್ಕೆ ಎರಡು ವರ್ಷದ ಹಿಂದೆ ನಿಮ್ಮ ತಂದೆಗೆ ಹೊಟ್ಟೆ ತೆರೆದು ಗ್ರಾಫ್ಟ್, ಅಂದರೆ ಕೃತಕ ನಾಳ, ಹಾಕಿದ್ದಾರೆ. ಮೊನ್ನೆ ಸ್ವಲ್ಪ ರಕ್ತ ವಾಂತಿಯಾಗಿ ತಾನಾಗೇ ನಿಂತಿದೆ, ಮಲ ಕಪ್ಪಗಿದೆ. ಆಸ್ಪಿರಿನ್‌ನಿಂದ ಆದ ಹುಣ್ಣಾ, ಕಾದು ನೋಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ರಕ್ತನಾಳಗಳ ಸರ್ಜನ್ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ.

ನಾನೂ ರಕ್ತನಾಳಗಳ ಸರ್ಜನ್. ಹುಣ್ಣು ಇರಬಹುದು, ಅದೇ ಜಾಸ್ತಿ ಕಾಣುವ ಕಾರಣ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಣ್ಣ ಹುಣ್ಣೂ ಚೆನ್ನಾಗಿ ರಕ್ತ ಸುರಿಸುತ್ತದೆ. ಆದರೆ ಗ್ರಾಫ್ಟ್ ಇರುವವರಲ್ಲಿ ನಾವು ಮೊದಲು ಹೆದರುವುದು ಬೇರೊಂದಕ್ಕೆ: ಅಯೋರ್ಟೋ-ಎಂಟೆರಿಕ್ ಫಿಸ್ಟುಲಾ, ಅಂದರೆ ಅಯೋರ್ಟಾಕ್ಕೂ ಕರುಳಿಗೂ ನಡುವೆ ದಾರಿ ಆಗಿಬಿಡುವುದು. ಸಣ್ಣ ಕರುಳಿನ ಮೊದಲ ಭಾಗವಾದ ಡುಯೋಡಿನಮ್ ಅಯೋರ್ಟಾದ ಮುಂದೆಯೇ ಹಾದು ಹೋಗುತ್ತದೆ, ಗ್ರಾಫ್ಟಿನ ಮೇಲಿನ ಹೊಲಿಗೆಗೆ ತೀರಾ ಹತ್ತಿರ. ಗ್ರಾಫ್ಟ್ ಪ್ರತಿ ಬಡಿತಕ್ಕೂ ಕರುಳಿಗೆ ಉಜ್ಜಿ, ಅಥವಾ ಒಳಗೊಳಗೇ ಸೋಂಕಾಗಿ, ಎರಡರ ಮಧ್ಯೆ ತೂತು ಬೀಳಬಹುದು. ಇದು ಆಪರೇಷನ್ ಆಗಿ ತಿಂಗಳುಗಳ, ವರ್ಷಗಳ ಮೇಲೂ ಆಗುತ್ತದೆ. ಅಪರೂಪವೇ ಸರಿ, ಆದರೆ ಬಿಟ್ಟರೆ ಜೀವ ಉಳಿಯುವುದಿಲ್ಲ.

ಇದರ ಮೋಸ ಇರುವುದೇ ಮೊದಲ ರಕ್ತಸ್ರಾವದಲ್ಲಿ. ಸ್ವಲ್ಪ ಹೋಗುತ್ತದೆ, ರಕ್ತ ಹೆಪ್ಪುಗಟ್ಟಿ ನಿಲ್ಲುತ್ತದೆ, ಮನೆಯವರಿಗೆ ಸಮಾಧಾನ ಆಗುತ್ತದೆ. ಆಮೇಲೆ ಕೆಲವು ಗಂಟೆಗೋ ದಿನಕ್ಕೋ ದೊಡ್ಡದು ಬರುತ್ತದೆ. ಹಾಗಾಗಿ "ನಿಂತಿದೆ" ಅನ್ನುವ ನಿಮ್ಮ ಮಾತು ನನಗೆ ಧೈರ್ಯ ಕೊಡುತ್ತಿಲ್ಲ. ಜ್ವರ, ಬೆನ್ನು ನೋವು, ತೂಕ ಇಳಿಯುವುದು ಇದ್ದರೆ ಅನುಮಾನ ಇನ್ನೂ ಜಾಸ್ತಿ. ಇಲ್ಲದಿದ್ದರೂ ಅನುಮಾನ ಹೋಗುವುದಿಲ್ಲ.

ಕರುಳಿಗೆ ರಕ್ತ ಸಾಲದೆ ಆಗುವ ಇಸ್ಕೀಮಿಕ್ ಕೊಲೈಟಿಸ್ ಬಗ್ಗೆಯೂ ಓದಿದ್ದೀರಿ ಅನ್ಸುತ್ತೆ. ಅದು ಸಾಮಾನ್ಯವಾಗಿ ಆಪರೇಷನ್ ಆದ ಮೊದಲ ಕೆಲವು ದಿನಗಳ ತೊಂದರೆ. ದೊಡ್ಡ ಕರುಳಿನ ಎಡಭಾಗಕ್ಕೆ ಪೆಟ್ಟು ಬಿದ್ದು ರಕ್ತ ಬೆರೆತ ಭೇದಿಯಾಗುತ್ತದೆ. ಐಸಿಯುನಲ್ಲಿ ಬರುವ ಸ್ಟ್ರೆಸ್ ಅಲ್ಸರ್ (ದೇಹಕ್ಕೆ ಬಿದ್ದ ಒತ್ತಡದಿಂದ ಹೊಟ್ಟೆಯಲ್ಲಿ ಆಗುವ ಹುಣ್ಣು) ಕೂಡ ಆಗಿನದೇ. ಎರಡೂ ನಿಮ್ಮ ತಂದೆಯ ಕಥೆಗೆ ಹೊಂದುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ ನಿಜ, ರಕ್ತ ವಾಂತಿ ಆಗುವುದಿಲ್ಲ ಅಲ್ವಾ.

ಆಸ್ಪತ್ರೆಯಲ್ಲಿ ಹೇಳುವ ಮೊದಲ ಮಾತೇ "ಅಯೋರ್ಟಾದಲ್ಲಿ ಗ್ರಾಫ್ಟ್ ಇದೆ" ಎಂದಿರಲಿ. ಸಿಟಿ ಆಂಜಿಯೋಗ್ರಾಮ್ (ರಕ್ತನಾಳ ತೋರಿಸುವ ಸ್ಕ್ಯಾನ್) ಬೇಕಾ ಎಂದು ನೀವೇ ಕೇಳಿ. ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿ ನೋಡುವುದು) ಮಾಡಿದರೆ ಟ್ಯೂಬ್ ಡುಯೋಡಿನಮ್‌ನ ಮೂರನೇ, ನಾಲ್ಕನೇ ಭಾಗದವರೆಗೆ ಹೋಗಬೇಕು. ಮಾಮೂಲಿ ಪರೀಕ್ಷೆ ಎಷ್ಟೋ ಸಲ ಎರಡನೇ ಭಾಗದಲ್ಲೇ ನಿಲ್ಲುತ್ತದೆ. ಹೊಟ್ಟೆಯಲ್ಲಿ ಒಂದು ಹುಣ್ಣು ಸಿಕ್ಕಿತೆಂದು ಹುಡುಕಾಟ ಅಲ್ಲಿಗೇ ಬಿಡುವುದೂ ಬೇಡ. ಆಸ್ಪಿರಿನ್ ನಿಲ್ಲಿಸಬೇಕೋ ಬೇಡವೋ ಎಂಬುದನ್ನು ಅಲ್ಲಿಯ ಡಾಕ್ಟರ್ ಹೇಳುತ್ತಾರೆ. ಹಳೆಯ ಡಿಸ್ಚಾರ್ಜ್ ಸಮರಿ ಕೈಗೆ ಸಿಕ್ಕರೆ ತೆಗೆದುಕೊಂಡು ಹೋಗಿ, ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ.