ವೋಟು ತರುವವರು ಬೇಡ, ಜೊತೆಗೆ ನಿಲ್ಲುವವರನ್ನು ಆರಿಸಿ

ಅಮೆರಿಕದ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಿದ್ದೀರಿ. ಉಪಾಧ್ಯಕ್ಷ ಸ್ಥಾನಕ್ಕೆ ಎಲ್ಲರಿಗೂ ಗೊತ್ತಿರುವ ಫ್ರಾಟರ್ನಿಟಿ (ಹುಡುಗರ ಸಾಮಾಜಿಕ ಸಂಘ) ಹುಡುಗನೋ, ಬಜೆಟ್ ಸಮಿತಿಯಲ್ಲಿ ದುಡಿಯುವ ಹುಡುಗಿಯೋ, ಯಾರಿಂದ ಹೆಚ್ಚು ವೋಟು ಬರುತ್ತದೆ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ಸೋತವನು ನಾನು.

ಆಗ ಅಮೆರಿಕದ ಮಿಡ್‌ವೆಸ್ಟ್ ಭಾಗದಲ್ಲಿ ಎಂ.ಎಸ್. ಓದುತ್ತಿದ್ದೆ. ಅಲ್ಲೂ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಕ್ಕೆ ಜೋಡಿಯಾಗಿ ನಿಲ್ಲಬೇಕು, ಇಬ್ಬರದು ಒಂದೇ ಟಿಕೆಟ್, ಒಂದೇ ವೋಟು. ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಪ್ರತಿ ಸೆಮಿಸ್ಟರ್ ಹಾಕುತ್ತಿದ್ದ ಹೆಚ್ಚುವರಿ ಶುಲ್ಕ ತೆಗೆಸುತ್ತೇನೆ ಅನ್ನುವುದೇ ನನ್ನ ಮುಖ್ಯ ಭರವಸೆ. ಭಾರತ, ಚೀನಾದವರ ವೋಟು ಬರುತ್ತದೆ, ಅಲ್ಲಿನವರದು ಬರುವುದಿಲ್ಲ ಎಂಬ ಭಯ ಇತ್ತು. ಹಾಗಾಗಿ ಕ್ಯಾಂಪಸ್ಸಿನಲ್ಲಿ ಒಳ್ಳೆಯ ಹೆಸರಿದ್ದ, ಹಿಂದಿನ ವರ್ಷ ವಿದ್ಯಾರ್ಥಿ ಸೆನೆಟ್ಟಿನಲ್ಲೂ ಇದ್ದ ಸ್ಥಳೀಯ ಹುಡುಗನೊಬ್ಬನನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಒಪ್ಪಿಸಿದೆ.

ಅವನ ಹಿಂದೆ ಎಷ್ಟು ಜನ ಬರುತ್ತಾರೆ ಅಂತ ವಿಚಾರಿಸಿದೆ. ಆ ಶುಲ್ಕದ ಬಗ್ಗೆ ಅವನ ಅಭಿಪ್ರಾಯ ಏನು ಅಂತ ಮಾತ್ರ ಕೇಳಲೇ ಇಲ್ಲ. ಸೆನೆಟ್ಟಿನಲ್ಲಿ ಶುಲ್ಕವನ್ನು ಬೆಂಬಲಿಸುವ ನಿರ್ಣಯ ಬಂದಾಗ ಅವನು ಪರವಾಗಿ ಮತ ಹಾಕಿದ್ದ. ಸಭೆಯ ನಡಾವಳಿ ವೆಬ್‌ಸೈಟಿನಲ್ಲೇ ಇತ್ತು, ಯಾರು ಬೇಕಾದರೂ ತೆರೆದು ನೋಡಬಹುದಿತ್ತು. ಎದುರಾಳಿಗಳು ನೋಡಿದರು, ನಾನು ನೋಡಲಿಲ್ಲ. ಡಿಬೇಟಿನಲ್ಲಿ ಅವರು ಆ ಪುಟ ಓದಿ ಹೇಳಿದಾಗ ಇವನು, "ಹೌದು, ಈಗಲೂ ನನಗೆ ಅದು ತಪ್ಪು ಅನಿಸುವುದಿಲ್ಲ" ಅಂದ. ಮುಂದಿನ ಸಾಲಿನಲ್ಲಿ ನಮ್ಮ ಬ್ಯಾಡ್ಜ್ ಹಾಕಿಕೊಂಡು ಕೂತಿದ್ದ ಹುಡುಗಿಯೊಬ್ಬಳು ಅದನ್ನು ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಳು.

ಇದನ್ನು ಬಿಡಿಸಿ ಹೇಳಬೇಕು. ಅವನು ಸುಳ್ಳು ಹೇಳಲಿಲ್ಲ, ಏನನ್ನೂ ಮುಚ್ಚಿಟ್ಟಿರಲಿಲ್ಲ. ಭಿನ್ನಾಭಿಪ್ರಾಯ ಇದ್ದದ್ದೂ ದೊಡ್ಡ ವಿಷಯವಲ್ಲ. ಮೊದಲೇ ಗೊತ್ತಿದ್ದರೆ ಅವನನ್ನು ಬಿಡಬಹುದಿತ್ತು, ಅಥವಾ ಪ್ರಚಾರದ ಮೊದಲ ವಾರದಲ್ಲೇ ನಾವಾಗಿಯೇ ಅದನ್ನು ಜನರ ಮುಂದಿಟ್ಟು, ಈ ವಿಷಯದಲ್ಲಿ ನನ್ನ ಮಾತೇ ನಡೆಯುತ್ತದೆ ಅನ್ನಬಹುದಿತ್ತು. ನನ್ನ ಜೊತೆಗಾರನ ನಿಲುವನ್ನು ನಾನೇ ವೇದಿಕೆಯ ಮೇಲೆ ಮೊದಲ ಸಲ ಕೇಳಿಸಿಕೊಂಡೆ. ಅದು ಸಭೆಯಲ್ಲಿದ್ದ ಎಲ್ಲರಿಗೂ ಕಂಡಿತು. ಅಲ್ಲಿಂದಾಚೆಗೆ ನನ್ನ ಬೇರೆ ಮಾತುಗಳನ್ನೂ ಯಾರೂ ನಂಬಲಿಲ್ಲ.

1972ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ನಿಂತಿದ್ದ ಜಾರ್ಜ್ ಮೆಕ್‌ಗವರ್ನ್ ಅವರಿಗೂ ಇಂಥದ್ದೇ ಆಯಿತು. ಹಲವರು ಒಲ್ಲೆ ಅಂದ ಮೇಲೆ ಪಕ್ಷದ ಸಮಾವೇಶದ ಕೊನೆಯ ಗಳಿಗೆಯಲ್ಲಿ ಅವಸರವಸರವಾಗಿ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದರು. ಈಗಲ್ಟನ್ ಖಿನ್ನತೆಗೆ ಆಸ್ಪತ್ರೆ ಸೇರಿ ಚಿಕಿತ್ಸೆ ಪಡೆದಿದ್ದ ವಿಷಯ ಆಮೇಲೆ ಹೊರಬಂತು. ಚಿಕಿತ್ಸೆ ಪಡೆದದ್ದು ಖಂಡಿತ ತಪ್ಪಲ್ಲ. ಆದರೆ ಶೇಕಡಾ 1000ದಷ್ಟು ಅವರ ಜೊತೆಗಿದ್ದೇನೆ ಅಂದ ಮೆಕ್‌ಗವರ್ನ್ ಕೆಲವೇ ದಿನಗಳಲ್ಲಿ ಅವರನ್ನು ಕೈಬಿಟ್ಟರು. ನನ್ನ ದೃಷ್ಟಿಯಲ್ಲಿ ಹೆಚ್ಚು ಹಾನಿ ಮಾಡಿದ್ದು ಆ ಮಾತು ತಪ್ಪಿದ್ದೇ.

ವೋಟಿನ ಲೆಕ್ಕ ಹೇಳುವವರೆಲ್ಲ 1960ರಲ್ಲಿ ಕೆನಡಿ ಟೆಕ್ಸಾಸಿನ ಜಾನ್ಸನ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿ ಆ ರಾಜ್ಯ ಗೆದ್ದರು ಅನ್ನುತ್ತಾರೆ. 1988ರಲ್ಲಿ ಅದೇ ಟೆಕ್ಸಾಸಿನ ಲಾಯ್ಡ್ ಬೆಂಟ್ಸನ್ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೊತೆಗಿದ್ದರೂ ಅಧ್ಯಕ್ಷ ಸ್ಥಾನಕ್ಕೆ ನಿಂತ ಡುಕಾಕಿಸ್ ಅಲ್ಲಿ ಸೋತರು. ಹಾಗೆಯೇ 2004ರಲ್ಲಿ ಕೆರ್ರಿ ಜೊತೆ ಜಾನ್ ಎಡ್ವರ್ಡ್ಸ್ ಇದ್ದರೂ ಅವರ ನಾರ್ತ್ ಕ್ಯಾರೊಲಿನಾ ಬರಲಿಲ್ಲ, 2012ರಲ್ಲಿ ರಾಮ್ನಿ ಜೊತೆ ಪಾಲ್ ರಯಾನ್ ಇದ್ದರೂ ಅವರ ವಿಸ್ಕಾನ್ಸಿನ್ ಬರಲಿಲ್ಲ. ಅಷ್ಟು ದೊಡ್ಡ ನಾಯಕರಿಗೇ ತವರು ರಾಜ್ಯ ಗೆದ್ದುಕೊಡಲು ಆಗಲಿಲ್ಲ, ನಿಮ್ಮ ಫ್ರಾಟರ್ನಿಟಿ ಹುಡುಗ ಇಡೀ ಕ್ಯಾಂಪಸ್ ಗೆದ್ದುಕೊಡುತ್ತಾನೆಯೇ?

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ನೀವು ಮಧ್ಯದಲ್ಲಿ ಬಿಟ್ಟು ಹೋದರೆ ಮರುದಿನದಿಂದಲೇ ಕೆಲಸ ನಡೆಸಬಲ್ಲವರು ಯಾರು ಅಂತ ಕೇಳಿಕೊಳ್ಳಿ. 1945ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ತೀರಿಕೊಂಡಾಗ ಟ್ರೂಮನ್ ಉಪಾಧ್ಯಕ್ಷರಾಗಿ 82 ದಿನ ಆಗಿತ್ತು, ಅಣುಬಾಂಬ್ ಯೋಜನೆಯ ವಿವರ ಅವರಿಗೆ ಯಾರೂ ಹೇಳಿರಲಿಲ್ಲ. ಮುಂದೆ ಅಧ್ಯಕ್ಷರಾದ ಕಾರ್ಟರ್ ಹಾಗೆ ಮಾಡಲಿಲ್ಲ. ತಮ್ಮ ಉಪಾಧ್ಯಕ್ಷ ಮೊಂಡೇಲ್‌ಗೆ ಶ್ವೇತಭವನದಲ್ಲಿ ಅಧ್ಯಕ್ಷರ ಕಚೇರಿಯೂ ಇರುವ ವೆಸ್ಟ್ ವಿಂಗ್‌ನಲ್ಲೇ ಕಚೇರಿ ಕೊಟ್ಟು, ವಾರಕ್ಕೊಮ್ಮೆ ಜೊತೆಗೆ ಕೂತು ಊಟ ಮಾಡುತ್ತಿದ್ದರು.

ಬಜೆಟ್ ಸಮಿತಿಯ ಹುಡುಗಿಯನ್ನೇ ಕೇಳಿ. ಅದಕ್ಕೂ ಮೊದಲು ಅವಳು ಇದ್ದ ಸಭೆಗಳ ನಡಾವಳಿ ಪೂರ್ತಿ ಓದಿ. ನಿಮ್ಮ ಪ್ರಣಾಳಿಕೆ ಅವಳ ಕೈಗೆ ಕೊಟ್ಟು, ಇದರಲ್ಲಿ ಯಾವುದನ್ನು ಒಪ್ಪುವುದಿಲ್ಲ ಅಂತ ಕೇಳಿ. ಎಲ್ಲವೂ ಒಪ್ಪಿಗೆ ಅಂದರೆ ಒಂದೆರಡು ದಿನ ಬಿಟ್ಟು ಮತ್ತೆ ಕೇಳಿ. ಆ ಹುಡುಗನನ್ನು ಪ್ರಚಾರಕ್ಕೆ ಕರೆಯಿರಿ, ಅದಕ್ಕೆ ಟಿಕೆಟ್ಟಿನಲ್ಲಿ ಅವನ ಹೆಸರು ಬೇಕಾಗಿಲ್ಲ. ಇದೆಲ್ಲ ನಾಮಪತ್ರ ಸಲ್ಲಿಸುವ ಮೊದಲೇ ಮುಗಿಯಲಿ.